ಮಳಖೇಡದ ದಾರಿಯಲ್ಲಿ ಒಂದು ಅಂಕಿಗಳ ಹಾರ

ಸಿಕಂದರಾಬಾದಿನಿಂದ ವಾಡಿಯ ಕಡೆಗೆ ಹೊರಟ ರೈಲು ತಾಂಡೂರು, ಸೇಡಂಗಳನ್ನು ದಾಟಿದ ಮೇಲೆ ಮಳಖೇಡ ರೋಡ್ ಎಂಬ ಚಿಕ್ಕ ನಿಲ್ದಾಣ ಬರುತ್ತದೆ. ರಜೆಯಲ್ಲಿ ಊರಿಗೆ ತೆರಳುವ ಹೈದರಾಬಾದಿನ ಕನ್ನಡಿಗರಲ್ಲಿ ಅದನ್ನು ಗಮನಿಸುವವರು ವಿರಳ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ.

ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಬಂದೊಡನೆ ನಮಗೆ 'ಕವಿರಾಜಮಾರ್ಗ'ದ ನೆನಪಾಗುತ್ತದೆ. ಅದೇ ದೊರೆಯನ್ನು ಸ್ತುತಿಸಿ ಗ್ರಂಥಾರಂಭ ಮಾಡಿದ ಮತ್ತೊಬ್ಬ ವಿದ್ವಾಂಸನುಂಟು. ಅವನೇ ಜೈನ ಗಣಿತಜ್ಞ ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ಗ್ರಂಥ 'ಗಣಿತಸಾರಸಂಗ್ರಹ'. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಅವನು ಹೆಸರಿಸಿದ್ದಾನೆ. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಬಹುದಾದ ಗುಣಲಬ್ಧಗಳನ್ನು ಅವನು ಕಂಠಾಭರಣಗಳಿಗೆ ಹೋಲಿಸಿದನು.

ಅಂಥ ಹಾರಗಳಲ್ಲೊಂದು 12345654321. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳ ಈ ಸಂಖ್ಯೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಗಿಲು. ಮಹಾವೀರನ ಎಣಿಕೆಯಲ್ಲಿ ಇದರ ಮೊದಲ ಅಂಕಿ 'ಅರ್ಬುದ' ಸ್ಥಾನದಲ್ಲಿದೆ.

ಇದರ ಗುಣಗಳನ್ನು ಪರೀಕ್ಷಿಸೋಣ. ಕೊನೆಯ ಅಂಕಿ 1. ಆದುದರಿಂದ ಇದು ಬೆಸಸಂಖ್ಯೆ. ಅಂಕಿಗಳ ಮೊತ್ತ 36. ಆದುದರಿಂದ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿದರೆ ಎರಡು ಕಡೆಯೂ 18 ಬರುತ್ತದೆ. ಆದುದರಿಂದ 11ರಿಂದಲೂ ಭಾಗವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದುದೆಂದರೆ ಇದು ಪೂರ್ಣವರ್ಗ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಹೀಗೆ ನಮ್ಮ ಸಂಖ್ಯೆ 111111ರ ವರ್ಗವಾಯಿತು. ಇದರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಪ್ರತಿಯೊಂದೂ ಎರಡೆರಡು ಬಾರಿ ಬರುವುದರಿಂದ ಒಟ್ಟು ಭಾಜಕಗಳು 243.

ಈ ಏರಿಳಿತಕ್ಕೆ ಕಾರಣ ಸರಳವಾದುದು. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಮನೆ ಸರಿಯುತ್ತವೆ. ಕಂಬಸಾಲಿನಲ್ಲಿ ಕೂಡಿದಾಗ ನಡುವೆ ಆರು, ಅಂಚುಗಳಲ್ಲಿ ಒಂದು ಉಳಿಯುತ್ತದೆ. ಎಲ್ಲಿಯೂ ದಶಕ ಇರುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಸೊಗಸು ನಡೆಯುತ್ತದೆ. ಹತ್ತನೆಯದಕ್ಕೆ ದಶಕ ನುಗ್ಗಿ ಹಾರ ಕಡಿಯುತ್ತದೆ.

ಈ ಗ್ರಂಥವನ್ನು ಆಧರಿಸಿ ಹನ್ನೊಂದನೆಯ ಶತಮಾನದ ಸುಮಾರಿಗೆ ಪಾವುಲೂರಿ ಮಲ್ಲನನು ತೆಲುಗಿನಲ್ಲಿ ಗಣಿತಕಾವ್ಯವನ್ನು ಬರೆದನು. ಆದುದರಿಂದ ಇದು ನಮಗೂ ನಮ್ಮ ನೆರೆಯವರಿಗೂ ಸಮಾನವಾದ ಆಸ್ತಿ.

ನಮ್ಮ ಮಕ್ಕಳಲ್ಲಿ ಕನ್ನಡ ಮಾತನಾಡಿದರೂ ಓದಲು ಬಾರದವರಿದ್ದಾರೆ. ಮಾನ್ಯಖೇಟದ ಹಿರಿಮೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ಅವರಿಗೆ ಬೇಸರವಾದೀತು. ಆದರೆ ಅಂಕಿಗಳನ್ನು ಓದಲು ಅವರಿಗೆ ಯಾರ ನೆರವೂ ಬೇಡ. ಮುಂದಿನ ಪ್ರಯಾಣದಲ್ಲಿ ಸೇಡಂ ದಾಟಿದೊಡನೆ ಮಗುವಿನ ಕೈಗೆ ಕಾಗದ, ಪೆನ್ಸಿಲು ಕೊಟ್ಟು 111111ನ್ನು ಅದರಿಂದಲೇ ಗುಣಿಸಲು ಹೇಳಿರಿ. ಉತ್ತರ ಬಂದಾಗ ಕಿಟಕಿಯ ಹೊರಗೆ ಕೈತೋರಿಸಿ, ಈ ಹಾರವನ್ನು ಬಲ್ಲವನೊಬ್ಬನು ಇಲ್ಲಿಯ ದೊರೆಯನ್ನು ಹಾಡಿಹೊಗಳಿದ್ದನೆಂದು ತಿಳಿಸಿರಿ.