ಒಂದು ಮದ್ದಿಗೆ ಬದಲಾಗಿ ಇನ್ನೊಂದು

ಪ್ರಶ್ನೆ: ಅಮೆರಿಕದಲ್ಲಿ ಬರಿದಾದ ತೋಟೆಗಳಿಗೆ ತಾವೇ ಮದ್ದು ತುಂಬಿಕೊಳ್ಳುವ ಹವ್ಯಾಸಿಗಳು, ಬಯಸಿದ ಮದ್ದು ದೊರೆಯದ ಕಾಲದಲ್ಲಿ ಬೇರೊಂದನ್ನು ಅಷ್ಟೇ ತೂಕದಲ್ಲಿ ಬಳಸಬಹುದೇ?

ಉತ್ತರ: ಸರ್ವಥಾ ಕೂಡದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಧೂಮರಹಿತ ಮದ್ದನ್ನು ಸಿದ್ಧಪಡಿಸಿದ ತರುವಾಯ ಬಗೆಬಗೆಯ ಮದ್ದುಗಳು ಹುಟ್ಟಿಕೊಂಡವು; ಕಣಗಳ ಆಕಾರ, ಗಾತ್ರ, ಮೇಲ್ಲೇಪ, ನೈಟ್ರೋಗ್ಲಿಸರಿನ್ನಿನ ಅಂಶ ಇವುಗಳನ್ನನುಸರಿಸಿ ಒಂದೊಂದರ ದಹನವೇಗವೂ ಒಂದೊಂದು ತೆರನಾಗಿರುವುದರಿಂದ, ಪಿಸ್ತೂಲಿಗೆಂದು ರಚಿತವಾದ ಶೀಘ್ರದಾಹಿ ಮದ್ದನ್ನು ರೈಫಲ್ಲಿನ ಮಂದದಾಹಿ ಮದ್ದಿನ ತೂಕದಲ್ಲಿಯೇ ತುಂಬಿದರೆ, ಗುಂಡು ನಳಿಗೆಯಲ್ಲಿ ಮುಂದೆ ಸರಿದು ಅನಿಲಕ್ಕೆ ಎಡೆಮಾಡಿಕೊಡುವ ಮೊದಲೇ ಒತ್ತಡವು ಮಿತಿಮೀರಿ, ಕೋವಿಯೇ ಸಿಡಿದು, ಹಿಡಿದವನ ಕೈಕಣ್ಣುಗಳಿಗೆ ಘೋರ ಹಾನಿ ಒದಗೀತು.

ದಹನವೇಗದ ಅನುಕ್ರಮಪಟ್ಟಿಗಳುಂಟು, ನಿಜ. ಆದರೆ ಅವು ಯಾವುದಕ್ಕಿಂತ ಯಾವುದು ಶೀಘ್ರವೆಂದು ಹೇಳುವುವೇ ಹೊರತು ತುಂಬಬೇಕಾದ ಪ್ರಮಾಣವನ್ನಲ್ಲ. ಹೆಸರಿನ ಸಾದೃಶ್ಯವೂ ನಂಬತಕ್ಕದ್ದಲ್ಲ: ಐಎಂಆರ್ 4350 ಮತ್ತು ಎಚ್ 4350 ಎಂಬುವು ಭಿನ್ನ ಮದ್ದುಗಳು, ಎಚ್ 110 ಮತ್ತು ವಿಂಚೆಸ್ಟರ್ 296 ಎಂಬುವಾದರೋ ಹೆಸರು ಬೇರೆಯಾದರೂ ಒಂದೇ ವಸ್ತು.

ಆದುದರಿಂದ, ತಯಾರಕರು ಪ್ರಕಟಿಸಿದ ಕೈಪಿಡಿಯಲ್ಲಿ ತನ್ನ ತೋಟೆಗೂ ತನ್ನ ಗುಂಡಿನ ತೂಕಕ್ಕೂ ಪರೀಕ್ಷಿತವಾದ ಮದ್ದುಗಳಾವುವೆಂದು ನೋಡಿ, ಅವುಗಳಲ್ಲಿ ದೊರೆತದ್ದನ್ನು ಅಲ್ಲಿ ಸೂಚಿಸಿದ ಆರಂಭಿಕ ಪ್ರಮಾಣದಿಂದಲೇ ಬಳಸತೊಡಗುವುದೊಂದೇ ವಿವೇಕದ ಮಾರ್ಗ. ಎರಡು ಮದ್ದುಗಳನ್ನು ಬೆರೆಸುವುದಾಗಲಿ, ಗುರುತುಚೀಟಿಯಿಲ್ಲದ ಡಬ್ಬಿಯದನ್ನು ಬಳಸುವುದಾಗಲಿ, ಕಪ್ಪುಮದ್ದಿಗೆಂದೇ ನಿರ್ಮಿತವಾದ ಹಳೆಯ ಕೋವಿಗೆ ಧೂಮರಹಿತವನ್ನು ತುಂಬುವುದಾಗಲಿ ಎಂತಹ ಅಭಾವದಲ್ಲಿಯೂ ಸಲ್ಲದು. ಕೈಪಿಡಿಯಲ್ಲಿರುವ ಮದ್ದೊಂದೂ ಸಿಗದಿದ್ದರೆ ಸಿಗುವವರೆಗೆ ಕಾಯತಕ್ಕದ್ದು.