ದುಬೈಯಿಂದ ಆರ್ಡರ್ ಬಂತು, ದುಡ್ಡು ಹೇಗೆ ತಗೊಳ್ಳೋದು?

ಕಾಳುಮೆಣಸು ಒಣಗಿಸೋ ಒಂದು ರೀಲ್ ಹಾಕಿದ್ರೆ ಸಾಕು, ಈಗ ಮೆಸೇಜ್ ಬರೋದು ಬೆಂಗಳೂರಿಂದ ಮಾತ್ರ ಅಲ್ಲ. ದುಬೈ, ಸಿಂಗಪುರ, ನ್ಯೂಜೆರ್ಸಿಯಿಂದಲೂ ಬರುತ್ತೆ. 'ಹತ್ತು ಕೆಜಿ ಬೇಕು, ಅಕೌಂಟ್ ಡೀಟೇಲ್ಸ್ ಕಳಿಸಿ, ಇವತ್ತೇ ಹಾಕ್ತೀನಿ.' ಅಲ್ಲಿವರೆಗೆ ಖುಷಿ. ಆಮೇಲೆ ಫೋನ್‌ಪೇ ನಂಬರ್ ಕೊಡೋದೋ, ಪಾಸ್‌ಬುಕ್ ಫೋಟೊ ಕಳಿಸೋದೋ ಅಂತ ಗೊಂದಲ. ಬೋರ್ಡೋ ದ್ರಾವಣದ ಪ್ರಮಾಣ ಕೇಳೋಕೆ ನನಗೆ ಫೋನ್ ಮಾಡ್ತಿದ್ದ ಹುಡುಗರು ಈಗ ಇದನ್ನೂ ಕೇಳ್ತಿದ್ದಾರೆ.

ಮೊದಲು ನೀವು ಗಿರಾಕಿಯನ್ನ ಕೇಳಬೇಕಾದ್ದು ದುಡ್ಡಿನ ವಿಷಯ ಅಲ್ಲ, ಮಾಲು ಎಲ್ಲಿಗೆ ಹೋಗಬೇಕು ಅಂತ. ಎಷ್ಟೋ ಸಲ ಕೇಳೋರು ನಮ್ಮ ಕಡೆಯವರೇ. ಇರೋದು ಅಮೆರಿಕದಲ್ಲಿ, ಆದ್ರೆ ಮೆಣಸು ಹೋಗಬೇಕಾದ್ದು ಮೈಸೂರಿನ ಅಪ್ಪ-ಅಮ್ಮನ ಮನೆಗೆ. ಮಾಲು ದೇಶ ಬಿಟ್ಟು ಹೋಗ್ತಿಲ್ಲ ಅಂದಮೇಲೆ ಇದು ರಫ್ತಲ್ಲ, ಮಾಮೂಲಿ ಮಾರಾಟ. ಇಂಥವರಿಗೆ ಸಾಮಾನ್ಯವಾಗಿ ಭಾರತದಲ್ಲೇ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇರುತ್ತೆ. ಅದರಿಂದಲೇ ರೂಪಾಯಿಯಲ್ಲಿ ನೆಫ್ಟ್ ಮಾಡಿ ಅಂತ ಹೇಳಿ. ಅಮೆರಿಕ, ಬ್ರಿಟನ್, ಯುಎಇ, ಸಿಂಗಪುರ ಸೇರಿ ಕೆಲವು ದೇಶಗಳ ಮೊಬೈಲ್ ನಂಬರನ್ನೇ ಈ ಖಾತೆಗಳಿಗೆ ಜೋಡಿಸಿ ಯುಪಿಐ ಬಳಸೋಕೆ 2023ರಿಂದ ಅವಕಾಶ ಇದೆ. ಡಾಲರ್ ಬದಲಾಯಿಸೋ ಖರ್ಚು ನಿಮ್ಮ ತಲೆ ಮೇಲೆ ಬರಲ್ಲ. ಇಷ್ಟಕ್ಕೇ ಮುಗಿಯೋ ಕೆಲಸಕ್ಕೆ ಸ್ವಿಫ್ಟ್, ಗಿಫ್ಟ್ ಅಂತ ತಲೆ ಕೆಡಿಸಿಕೊಳ್ಳೋದು ಬೇಡ.

ಮಾಲು ನಿಜವಾಗ್ಲೂ ಹೊರದೇಶಕ್ಕೆ ಹೋಗೋದಾದ್ರೆ ಕಥೆ ಬೇರೆ. ನಿಮ್ಮ ಪ್ಯಾನ್ ಮೇಲೆ ಐಇಸಿ, ಅಂದ್ರೆ ಆಮದು-ರಫ್ತು ಕೋಡ್ ಬೇಕು. ಡಿಜಿಎಫ್‌ಟಿ ವೆಬ್‌ಸೈಟಲ್ಲಿ 500 ರೂಪಾಯಿ ಕಟ್ಟಿ ನೀವೇ ಮಾಡಿಸಬಹುದು, ಏಜೆಂಟ್ ಬೇಕಿಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರ ಖಚಿತಪಡಿಸದಿದ್ರೆ ಕೋಡ್ ನಿಷ್ಕ್ರಿಯ ಆಗುತ್ತೆ, ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. ಮೆಣಸು, ಏಲಕ್ಕಿಗೆ ಸಾಂಬಾರ ಮಂಡಳಿಯ, ಕಾಫಿಗೆ ಕಾಫಿ ಮಂಡಳಿಯ ರಫ್ತು ನೋಂದಣಿ ಪ್ರತ್ಯೇಕ. ಸಣ್ಣ ಪಾರ್ಸೆಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಮಾಲು ಕಳಿಸೋ ವಿಷಯ ಇನ್ನೊಂದು ವಾರಕ್ಕಿರಲಿ, ಇವತ್ತು ದುಡ್ಡು ನೋಡೋಣ.

ಯಾವ ಖಾತೆ ಕೊಡಬೇಕು?

ಊರಿನ ಸೊಸೈಟಿ ಖಾತೆಗೆ ವಿದೇಶಿ ಹಣ ನೇರವಾಗಿ ಬರಲ್ಲ. ಗ್ರಾಮೀಣ ಬ್ಯಾಂಕ್, ಡಿಸಿಸಿ ಬ್ಯಾಂಕ್ ಖಾತೆ ಇದ್ರೆ ವಿದೇಶಿ ವಿನಿಮಯದ ಕೆಲಸ ಮಾಡ್ತಾರಾ ಅಂತ ಮೊದಲೇ ಕೇಳಿ. ನನ್ನ ಸಲಹೆ: ಆ ಕೆಲಸಕ್ಕೆ ರಿಸರ್ವ್ ಬ್ಯಾಂಕ್ ಅನುಮತಿ ಇರೋ ದೊಡ್ಡ ಬ್ಯಾಂಕಲ್ಲಿ ಕರೆಂಟ್ ಅಕೌಂಟ್ ತೆಗೀರಿ. ಮನೆ ಖರ್ಚು, ಬೆಳೆ ಸಾಲ ಎಲ್ಲಾ ಓಡಾಡೋ ಉಳಿತಾಯ ಖಾತೆಯಲ್ಲಿ ವ್ಯಾಪಾರ ಬೇಡ. ಯಾಕೆ ಅನ್ನೋದು ಕೊನೆಯಲ್ಲಿ ಗೊತ್ತಾಗುತ್ತೆ.

ಗಿರಾಕಿಗೆ ಕೊಡಬೇಕಾದ್ದು: ಬ್ಯಾಂಕಿನಲ್ಲಿರೋ ಹಾಗೇ ನಿಮ್ಮ ಹೆಸರು, ಖಾತೆ ಸಂಖ್ಯೆ, ಬ್ಯಾಂಕ್ ವಿಳಾಸ, ಸ್ವಿಫ್ಟ್ ಕೋಡ್. ಐಎಫ್‌ಎಸ್‌ಸಿ ದೇಶದೊಳಗಿನ ವರ್ಗಾವಣೆಗೆ. ಹೊರಗಿಂದ ಬರೋ ಹಣ ದಾರಿ ಹಿಡಿಯೋದು 8 ಅಥವಾ 11 ಅಕ್ಷರದ ಸ್ವಿಫ್ಟ್ ಕೋಡ್‌ನಿಂದ. ಎಲ್ಲಾ ಶಾಖೆಗೂ ಸ್ವಂತ ಸ್ವಿಫ್ಟ್ ಕೋಡ್ ಇರಲ್ಲ. ಗೂಗಲಲ್ಲಿ ಸಿಕ್ಕಿದ್ದನ್ನ ಕೊಡಬೇಡಿ, ನಿಮ್ಮ ಶಾಖೆಗೆ ಯಾವುದು ಅಂತ ಬರೆಸಿಕೊಳ್ಳಿ. ಹೆಸರಿನ ಬಗ್ಗೆ ಹುಷಾರು. ಪ್ಯಾನಲ್ಲಿ ಪೂರ್ತಿ ಹೆಸರು, ಖಾತೆಯಲ್ಲಿ ಬರೀ ಇನಿಷಿಯಲ್ ಇರೋದು ನಮ್ಮಲ್ಲಿ ಮಾಮೂಲು. ಹೆಸರು ಹೊಂದದಿದ್ರೆ ಹಣ ನಿಂತುಬಿಡುತ್ತೆ. ಖಾತೆ ಸಂಖ್ಯೆ ಕೊಡೋಕೆ ಭಯ ಬೇಡ. ಒಟಿಪಿ, ಪಿನ್, ಕಾರ್ಡ್ ನಂಬರ್ ಮಾತ್ರ ಯಾರು ಕೇಳಿದ್ರೂ ಇಲ್ಲ.

ಹಣ ಬಂದಾಗ ಬ್ಯಾಂಕ್ 'ಇದು ಯಾವ ಬಾಬ್ತು' ಅಂತ ಕೇಳುತ್ತೆ. ಅದಕ್ಕೆ ಪರ್ಪಸ್ ಕೋಡ್ ಇದೆ. ಸರಕು ಕಳಿಸೋ ಮೊದಲೇ ಬಂದ ಮುಂಗಡಕ್ಕೆ ಪಿ0103, ಕಳಿಸಿ ಬಿಲ್ ಕೊಟ್ಟಮೇಲೆ ಬಂದ ಹಣಕ್ಕೆ ಪಿ0102. ಕೆಲವು ಗಿರಾಕಿಗಳು ಖರ್ಚು ಉಳಿಸೋಕೆ 'ಫ್ಯಾಮಿಲಿ ಅಂತ ಹಾಕ್ತೀನಿ' ಅಂತಾರೆ. ಒಪ್ಪಬೇಡಿ. ಕುಟುಂಬ ನಿರ್ವಹಣೆ ಅಂತ ಬಂದ ದುಡ್ಡನ್ನ ಆಮೇಲೆ ರಫ್ತಿನ ಲೆಕ್ಕಕ್ಕೆ ಹೊಂದಿಸೋದು ದೊಡ್ಡ ತಲೆನೋವು. ವೆಸ್ಟರ್ನ್ ಯೂನಿಯನ್ ಥರದ ದಾರಿ ಇರೋದೂ ಖಾಸಗಿ ಹಣಕ್ಕೇ, ವ್ಯಾಪಾರಕ್ಕಲ್ಲ.

ಇನ್ನೂರು ಡಾಲರ್ ಹೊರಟು ಎಷ್ಟು ಸೇರುತ್ತೆ?

ಲೆಕ್ಕಕ್ಕೆ ಅಂತ ಡಾಲರಿಗೆ 85 ರೂಪಾಯಿ ಇಟ್ಕೊಳ್ಳಿ. 200 ಡಾಲರ್ ಅಂದ್ರೆ 17,000. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕ್ 20 ಡಾಲರ್ ಹಿಡಿದ್ರೆ ಉಳಿದದ್ದು 180. ನಿಮ್ಮ ಬ್ಯಾಂಕ್ ಮಾರುಕಟ್ಟೆಗಿಂತ ಒಂದು ರೂಪಾಯಿ ಕಮ್ಮಿ ದರ ಕೊಟ್ರೆ 15,120. ಹಣ ಬದಲಾಯಿಸಿದ್ದಕ್ಕೆ ಜಿಎಸ್‌ಟಿ ಕನಿಷ್ಠ 45, ಬ್ಯಾಂಕ್ ಶುಲ್ಕ 300 ಅಂತ ತೆಗೀರಿ. ಕೈಗೆ 14,775. ಅಂದ್ರೆ ನೂರಕ್ಕೆ 13 ರೂಪಾಯಿ ದಾರಿಯಲ್ಲೇ ಹೋಯ್ತು. ಅದೇ ಲೆಕ್ಕದಲ್ಲಿ 2,000 ಡಾಲರ್ ಬಂದ್ರೆ 1,70,000ಕ್ಕೆ ಸುಮಾರು 4,200 ಹೋಗುತ್ತೆ, ನೂರಕ್ಕೆ ಎರಡೂವರೆ. ಹಾಗಾಗಿ ಐನೂರು ಡಾಲರ್ ಒಳಗಿನ ಆರ್ಡರ್‌ಗೆ ಸ್ವಿಫ್ಟ್ ಬೇಡ ಅನ್ನೋನು ನಾನು. ಪೇಪಾಲ್ ಇದೆ (ದೇಶದೊಳಗಿನ ಪಾವತಿ 2021ರಲ್ಲಿ ನಿಲ್ಲಿಸಿದ್ರೂ ಹೊರಗಿಂದ ತಗೋಬಹುದು), ರಿಸರ್ವ್ ಬ್ಯಾಂಕ್ 2023ರಲ್ಲಿ ತಂದ ನಿಯಮದಡಿ ಅನುಮತಿ ಪಡೆದ ಪಾವತಿ ಕಂಪನಿಗಳಿವೆ. ಅವರದ್ದೂ ಶೇಕಡಾವಾರು ಕಮಿಷನ್ ಇದೆ, ಹೋಲಿಸಿ ನೋಡಿ. ಒಂದು ವ್ಯತ್ಯಾಸ ಮಾತ್ರ ಮರೀಬೇಡಿ: ಕಾರ್ಡಿನಿಂದ ಬಂದ ಹಣವನ್ನ ಗಿರಾಕಿ ತಕರಾರು ಹಾಕಿ ವಾಪಸ್ ಎಳೆಸಬಹುದು. ಪಾರ್ಸೆಲ್ ತಲುಪಿದ್ದಕ್ಕೆ ಸಹಿ, ಟ್ರ್ಯಾಕಿಂಗ್ ನಂಬರ್ ಇಟ್ಕೊಳ್ಳಿ.

ಸ್ವಿಫ್ಟೇ ಆದ್ರೆ ಇನ್‌ವಾಯ್ಸ್‌ನಲ್ಲೇ ಬರೀರಿ: ಎಲ್ಲಾ ಬ್ಯಾಂಕ್ ಶುಲ್ಕ ಕಳಿಸುವವರದ್ದು. ಬ್ಯಾಂಕ್ ಫಾರಂನಲ್ಲಿ ಇದಕ್ಕೆ 'ಅವರ್' ಅನ್ನೋ ಆಯ್ಕೆ ಇದೆ. 'ಶಾ' ಅಂತ ಇದ್ರೆ ಹಂಚಿಕೆ, 'ಬೆನ್' ಅಂತ ಇದ್ರೆ ಪೂರ್ತಿ ನಿಮ್ಮ ಮೇಲೆ.

ಬಂತು ಅಂದಿದ್ದೆಲ್ಲ ಬಂದಿದ್ದಲ್ಲ

ಮೋಸದವರು ಮೊದಲು ಕಳಿಸೋದು ಸ್ವಿಫ್ಟ್ ರಸೀದಿಯ ಪಿಡಿಎಫ್. ಸೀಲು, ಸಹಿ, ನಂಬರ್ ಎಲ್ಲಾ ಇರುತ್ತೆ. 'ಹಣ ಹೊರಟಿದೆ, ಕೊರಿಯರ್ ಹುಡುಗ ನಾಳೆ ಬರ್ತಾನೆ, ಮಾಲು ಕೊಟ್ಟುಬಿಡಿ.' ಪಿಡಿಎಫ್ ಯಾರು ಬೇಕಾದ್ರೂ ಮಾಡ್ತಾರೆ. ನಿಮ್ಮ ಬ್ಯಾಂಕ್ ಆ್ಯಪಿನಲ್ಲಿ ಜಮೆ ಕಾಣೋವರೆಗೆ ಚೀಲದ ಬಾಯಿ ಹೊಲೀಬೇಡಿ. ಕೆಲವು ದಿನ ಹಿಡಿಯೋದು ಸಹಜ. ನಡುವೆ 'ನಿಮ್ಮ ಹಣ ರಿಸರ್ವ್ ಬ್ಯಾಂಕಲ್ಲಿ ನಿಂತಿದೆ, ಬಿಡಿಸೋಕೆ ಶುಲ್ಕ ಕಟ್ಟಿ' ಅಂತ ಮೇಲ್ ಬಂದ್ರೆ ಅದು ಸುಳ್ಳು. ಹಣ ಬಿಡಿಸೋಕೆ ರಿಸರ್ವ್ ಬ್ಯಾಂಕ್ ರೈತನ ಹತ್ತಿರ ಶುಲ್ಕ ಕೇಳಲ್ಲ.

ಇದಕ್ಕಿಂತ ಕೆಟ್ಟದ್ದು ನಿಜವಾಗ್ಲೂ ದುಡ್ಡು ಬರೋ ಮೋಸ. ಗಿರಾಕಿ ಹೊರದೇಶದಲ್ಲಿದ್ದೀನಿ ಅಂತಾನೆ, ಆದ್ರೆ 'ಇಂಡಿಯಾದಲ್ಲಿರೋ ಫ್ರೆಂಡ್ ಯುಪಿಐ ಮಾಡ್ತಾನೆ' ಅಂತಾನೆ. ಯಾರದ್ದೋ ಹೆಸರಿನಿಂದ ದುಡ್ಡು ಬೀಳುತ್ತೆ. ಕೆಲವೊಮ್ಮೆ ಬಿಲ್ಲಿಗಿಂತ ಜಾಸ್ತಿ ಬೀಳುತ್ತೆ, 'ಹೆಚ್ಚಿಗೆ ಬಂದಿದ್ದನ್ನ ಈ ಇನ್ನೊಂದು ನಂಬರಿಗೆ ಹಾಕಿ' ಅಂತ ಬೇಡ್ಕೊಳ್ತಾನೆ. ಆ ದುಡ್ಡು ಮತ್ತೆಲ್ಲೋ ಮೋಸ ಹೋದವರದ್ದು ಆಗಿರಬಹುದು. ಅವರು ದೂರು ಕೊಟ್ಟಾಗ ಸೈಬರ್ ಪೊಲೀಸರು ಹಣದ ಜಾಡು ಹಿಡಿದು ಬರ್ತಾರೆ, ನಿಮ್ಮ ಖಾತೆ ಬ್ಲಾಕ್ ಆಗುತ್ತೆ. ಗೊಬ್ಬರಕ್ಕೆ, ಕೂಲಿಗೆ ಇಟ್ಟ ದುಡ್ಡೂ ಅದರೊಳಗೇ ಸಿಕ್ಕಿಬೀಳುತ್ತೆ. ವ್ಯಾಪಾರಕ್ಕೆ ಬೇರೆ ಖಾತೆ ಅಂದಿದ್ದು ಇದಕ್ಕೇ.

ಇನ್‌ವಾಯ್ಸ್‌ನಲ್ಲಿರೋ ಹೆಸರಿನಿಂದಲೇ ಹಣ ಬರಬೇಕು, ಮೂರನೆಯವರಿಂದ ಬೇಡ ಅಂತ ಮೊದಲೇ ಹೇಳಿ. ಹೆಚ್ಚು ಬಂದ್ರೆ ನೀವೇ ಎಲ್ಲಿಗೂ ಕಳಿಸಬೇಡಿ. ಬಂದ ದಾರಿಯಲ್ಲೇ ವಾಪಸ್ ಕಳಿಸಿ ಅಂತ ಬ್ಯಾಂಕಿಗೆ ಬರೆದುಕೊಡಿ. ಪ್ರತಿ ಆರ್ಡರಿಗೂ ಇನ್‌ವಾಯ್ಸ್, ಚಾಟ್, ಕೊರಿಯರ್ ರಸೀದಿ, ಬ್ಯಾಂಕಿನಿಂದ ಕೇಳಿ ಪಡೆದ ವಿದೇಶಿ ಹಣದ ಜಮೆ ಪತ್ರ (ಎಫ್‌ಐಆರ್‌ಎ ಅಂತಾರೆ) ಒಂದೇ ಫೋಲ್ಡರಿನಲ್ಲಿರಲಿ. ಖಾತೆ ಬ್ಲಾಕ್ ಆದ್ರೆ ಬ್ಯಾಂಕಿಗೆ ಹೋಗಿ ಯಾವ ಠಾಣೆಯ ಯಾವ ದೂರು ಅಂತ ಬರಹದಲ್ಲಿ ತಗೊಳ್ಳಿ, ಆ ಠಾಣೆಗೆ ಇದೇ ಕಾಗದಗಳನ್ನ ಕಳಿಸಿ. ನೀವೇ ದುಡ್ಡು ಕಳ್ಕೊಂಡಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಜಾರೋ ಮೊದಲೇ ತಡೆಯೋ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.