ಬಾಯಿ ಬಿಡದ ಮೊಲಕ್ಕೆ ಮದ್ದು ಕುಡಿಸುವ ಬಗೆ

ಮುಂಬಯಿ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ಕಂಡು ಹಿರಿಯರು ಗಾದೆ ಕಟ್ಟಿದರು. ಆದರೆ ಗಾಯಗೊಂಡ ಮೊಲವನ್ನು ಹಿಡಿದು ನಾಲ್ಕು ಹನಿ ಮದ್ದು ಹಾಕಲು ಹೊರಟವರಿಗೆ ಅದಕ್ಕೆ ಎಂಟು ಕಾಲುಗಳಿವೆಯೇನೋ ಎನಿಸಿದರೆ ಆಶ್ಚರ್ಯವಿಲ್ಲ. ಮಹಾನಗರದ ಫ್ಲ್ಯಾಟುಗಳಲ್ಲಿ ಮಕ್ಕಳ ಹಠಕ್ಕೆ ಮಣಿದು ಮೊಲ ಸಾಕಿದ ಕುಟುಂಬಗಳು ಒಂದಲ್ಲ ಒಂದು ದಿನ ಈ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ.

ಊರಿನ ಗುಡ್ಡ, ಗದ್ದೆಯ ಬದಿಯಲ್ಲಿ ಓಡುವ ಮೊಲ ಬೇರೆ, ಮನೆಯಲ್ಲಿ ಸಾಕುವ ಮೊಲ ಬೇರೆ. ಸಾಕುಮೊಲ ಯುರೋಪಿನ ಕಾಡುಮೊಲದ ಸಂತತಿ. ಆದರೆ ನೋವನ್ನು ಬಚ್ಚಿಡುವ ಸ್ವಭಾವ ಎರಡಕ್ಕೂ ಒಂದೇ. ನೋವು ತೋರಿಸಿಕೊಂಡ ಪ್ರಾಣಿ ಬೇಟೆಗೆ ಸುಲಭದ ತುತ್ತಾಗುತ್ತದೆ. ಆದ್ದರಿಂದ ಮೊಲ ನಾಯಿಯಂತೆ ಕುಂಯ್‌ಗುಡದೆ ಮೂಲೆ ಸೇರಿ ಸುಮ್ಮನೆ ಕೂರುತ್ತದೆ. ಮನೆಯವರಿಗೆ ಗಾಯ ಕಾಣಿಸುವಷ್ಟರಲ್ಲಿ ಒಮ್ಮೊಮ್ಮೆ ಎರಡು ದಿನ ಕಳೆದಿರುತ್ತದೆ.

ಗಾಯಕ್ಕೆ ಕಾರಣಗಳು ಹಲವು. ಒಂದೇ ಗೂಡಿನಲ್ಲಿಟ್ಟ ಎರಡು ಗಂಡು ಮೊಲಗಳ ಕಾದಾಟ, ತಂತಿಯ ನೆಲದ ಮೇಲೆ ಸದಾ ಕೂತು ಪಾದದಲ್ಲಾದ ಹುಣ್ಣು, ಗ್ಯಾಲರಿಗೆ ನುಗ್ಗಿದ ಬೆಕ್ಕು ಅಥವಾ ಹೆಗ್ಗಣದ ಕಡಿತ ಇವು ಸಾಮಾನ್ಯ. ಮಳೆಗಾಲದಲ್ಲಿ ಅಪಾಯ ಇನ್ನೂ ಹೆಚ್ಚು. ತೆರೆದ ಗಾಯದಲ್ಲಿ ಅಥವಾ ಒದ್ದೆಯಾದ ಹಿಂಬದಿಯ ರೋಮದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಹೊರಬಂದು ಮಾಂಸವನ್ನೇ ತಿನ್ನತೊಡಗುತ್ತದೆ. ಮೊಲದ ಕೀವು ನೀರಾಗಿ ಹರಿಯದೆ ಗಟ್ಟಿ ಮೊಸರಿನಂತಿರುವುದರಿಂದ ಬಾವು ತಾನಾಗಿ ಒಡೆದು ವಾಸಿಯಾಗುವುದೂ ಅಪರೂಪ.

ಇಲ್ಲಿ ಹೆಚ್ಚಿನವರು ಎಡವುವುದು ಮನೆಯ ಮದ್ದಿನ ಡಬ್ಬಿಯ ಮುಂದೆ. ಮಗುವಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ, ಒಂದೆರಡು ಹನಿ ಹಾಕಿದರೆ ಏನಾದೀತು ಎಂಬ ಯೋಚನೆ ಬರುವುದು ಸಹಜ. ಆದರೆ ಪೆನ್ಸಿಲಿನ್ ವರ್ಗದ ಔಷಧವನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನಲ್ಲಿ ಹುಲ್ಲನ್ನು ಅರಗಿಸುವ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು, ವಿಷಕಾರಿಯಾದವು ಬೆಳೆದು, ಪ್ರಾಣವೇ ಹೋಗಬಹುದು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದದ್ದನ್ನು ಹೊರತರುವ ದಾರಿಯಿಲ್ಲವೆಂಬುದನ್ನು ಮರೆಯಬಾರದು. ಡೆಟಾಲ್, ಸ್ಪಿರಿಟ್ ಸುರಿಯುವುದು, ಎಣ್ಣೆ-ಅರಿಶಿನ ಮೆತ್ತುವುದು ಕೂಡ ಬೇಡ. ಹಚ್ಚಿದ್ದನ್ನೆಲ್ಲ ಮೊಲ ನೆಕ್ಕಿಬಿಡುತ್ತದೆ. ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಉಪ್ಪು ಬೆರೆಸಿ, ಉಗುರುಬೆಚ್ಚಗಿರುವಾಗ ಗಾಯ ತೊಳೆದು, ಪಶುವೈದ್ಯರಲ್ಲಿಗೆ ಒಯ್ಯುವುದೇ ಕ್ಷೇಮ.

ವೈದ್ಯರು ಬರೆದುಕೊಟ್ಟ ಮದ್ದನ್ನು ಕುಡಿಸಲು ಇಬ್ಬರಿದ್ದರೆ ಒಳ್ಳೆಯದು. ನೆಲದ ಮೇಲೆ ದಪ್ಪ ಟವೆಲ್ ಹಾಸಿ, ಮೊಲವನ್ನು ಅದರ ಮೇಲೆ ಕೂರಿಸಿ, ಕಾಲುಗಳು ಒಳಗಿರುವಂತೆ, ತಲೆ ಮಾತ್ರ ಹೊರಗಿರುವಂತೆ ಹಸುಗೂಸನ್ನು ಸುತ್ತಿದ ಹಾಗೆ ಸುತ್ತಬೇಕು. ಕಿವಿ ಹಿಡಿದು ಎತ್ತಲೇಬಾರದು. ಬೆನ್ನ ಮೇಲೆ ಮಲಗಿಸಲೂಬಾರದು. ಹಾಗೆ ಮಲಗಿಸಿದಾಗ ಅದು ಅಲುಗಾಡದಿರುವುದು ಸಮಾಧಾನದಿಂದಲ್ಲ, ಭಯದಿಂದ. ಕೊಸರಾಡಿ ಹಿಂಗಾಲು ಝಾಡಿಸಿದರೆ ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳುವಷ್ಟು ಬಲ ಆ ಕಾಲುಗಳಿಗಿದೆ.

ಮೊಲದ ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಖಾಲಿ ಜಾಗವಿದೆ. ಸೂಜಿ ತೆಗೆದ ಸಣ್ಣ ಸಿರಿಂಜಿನ ತುದಿಯನ್ನು ತುಟಿಯ ಪಕ್ಕದಿಂದ ಅಲ್ಲಿಗೆ ಸರಿಸಿ, ಹನಿ ಹನಿಯಾಗಿ ಬಿಟ್ಟು, ನುಂಗುವವರೆಗೆ ಕಾಯಬೇಕು. ಅವಸರದಿಂದ ಗಂಟಲಿಗೆ ನೇರವಾಗಿ ಒತ್ತಿದರೆ ಮದ್ದು ಶ್ವಾಸಕೋಶ ಸೇರೀತು. ಕಹಿಯಾದರೆ, ವೈದ್ಯರನ್ನು ಕೇಳಿ, ಸಿರಿಂಜಿನ ತುದಿಗೆ ಮಸೆದ ಬಾಳೆಹಣ್ಣನ್ನು ಒಂದಿಷ್ಟು ಸವರಬಹುದು. ಮದ್ದು ಮುಗಿದೊಡನೆ ಒಂದೆಸಳು ಕೊತ್ತಂಬರಿ ಸೊಪ್ಪು ಕೊಟ್ಟು ಬಿಟ್ಟುಬಿಡಬೇಕು. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಟವೆಲ್ ಆದರೆ ಮೊಲಕ್ಕೂ ರೂಢಿಯಾಗುತ್ತದೆ. ಗಾಯ ಒಣಗಿದಂತೆ ಕಂಡರೂ ಹೇಳಿದಷ್ಟು ದಿನ ಮದ್ದು ನಿಲ್ಲಿಸಬಾರದು.

ಮದ್ದಿನಷ್ಟೇ ಮುಖ್ಯವಾದದ್ದು ಹೊಟ್ಟೆ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ನೋವಿನಿಂದಲೋ ಹೆದರಿಕೆಯಿಂದಲೋ ಹತ್ತು-ಹನ್ನೆರಡು ಗಂಟೆ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರನ್ನು ಕಾಣಬೇಕು. ಗಾಯದಿಂದ ಬದುಕಿದ ಮೊಲ ಹಸಿವಿನಿಂದ ಸಾಯುವುದುಂಟು.

ಈ ನಗರಕ್ಕೆ ಪ್ರಾಣಿಗಳ ಆರೈಕೆಯ ಹಳೆಯ ಪರಂಪರೆಯಿದೆ. ಮುಂಬಯಿಯ ಬೀದಿಗಳಲ್ಲಿ ಕುದುರೆ ಎಳೆಯುವ ಟ್ರಾಮು ಓಡತೊಡಗಿದ 1874ರಲ್ಲೇ ಪ್ರಾಣಿಹಿಂಸೆ ತಡೆಯುವ ಸಂಘವೂ ಇಲ್ಲಿ ಹುಟ್ಟಿತು. ಮುಂದಿನ ದಶಕದಲ್ಲಿ ದಿನ್‌ಷಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ, ಅವರ ಪತ್ನಿ ಸಕರ್‌ಬಾಯಿಯವರ ಹೆಸರಿನಲ್ಲಿ ಪರೇಲ್‌ನಲ್ಲಿ ಪ್ರಾಣಿಗಳ ಆಸ್ಪತ್ರೆ ತಲೆಯೆತ್ತಿತು. 1886ರಲ್ಲಿ ಪಶುವೈದ್ಯ ಕಾಲೇಜೂ ಆರಂಭವಾಯಿತು. ಜನರ ಬಾಯಲ್ಲಿ ಅದು ಇಂದಿಗೂ ‘ಬೈಲ್ ಘೋಡಾ’ ಆಸ್ಪತ್ರೆ. ಎತ್ತು-ಕುದುರೆಗಳ ಹೆಸರು ಹೊತ್ತಿದ್ದರೂ ಪುಟ್ಟ ಪ್ರಾಣಿಗಳೂ ಅಲ್ಲಿಗೆ ಬರುತ್ತವೆ. ಉಪನಗರದ ಖಾಸಗಿ ಚಿಕಿತ್ಸಾಲಯಗಳಲ್ಲಿ ನಾಯಿ-ಬೆಕ್ಕುಗಳದ್ದೇ ಹೆಚ್ಚುಗಾರಿಕೆ. ಆದ್ದರಿಂದ ಮೊಲವನ್ನು ನೋಡುವ ವೈದ್ಯರು ಯಾರೆಂದು ಅದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಂಡರೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅಲೆದಾಡುವುದು ತಪ್ಪೀತು.

ಮದ್ದು ಕುಡಿಸುವಾಗ ಮಕ್ಕಳನ್ನು ಹೊರಗಟ್ಟದೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳಿತು. ಬಾಯಿಲ್ಲದ ಜೀವದ ನೋವನ್ನು ಕಣ್ಣಿನಿಂದಲೇ ಓದುವ ಪಾಠ ಯಾವ ಶಾಲೆಯಲ್ಲೂ ಸಿಗದು. ಹಿಡಿದ ಮೊಲಕ್ಕೆ ಕಾಲು ಮೂರಲ್ಲ, ನಾಲ್ಕೇ ಎಂದು ಒಪ್ಪಿಕೊಂಡು, ತಮ್ಮ ಹಠ ಬಿಟ್ಟು ತಿಳಿದವರ ಮಾತು ಕೇಳುವ ಹಿರಿಯರಿದ್ದರೆ ಆ ನಾಲ್ಕೂ ಕಾಲುಗಳು ಮತ್ತೆ ಮನೆತುಂಬ ಕುಣಿದಾವು.